ಮನೆ ರಿಪೇರಿ ಪ್ರಶ್ನೋತ್ತರ: ಶವರ್ ಕೂರಿಸುವ ಮೊದಲು ಗೋಡೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಚ್ಚಲುಮನೆಯದ್ದೇ. ಮಕ್ಕಳು ಊರಿಗೆ ಬಂದಾಗ ಶವರ್ ಕೇಳುತ್ತಾರೆ, ಹೋಂಸ್ಟೇಗೆ ಬಂದವರೂ ಶವರ್ ಕೇಳುತ್ತಾರೆ. ನಮ್ಮ ಜಿಲ್ಲೆಯ ಹಳೆ ಬಚ್ಚಲುಗಳನ್ನು ಕಟ್ಟಿದ್ದು ಹಂಡೆ, ಚೊಂಬಿನ ಲೆಕ್ಕದಲ್ಲಿ. ಹಾಗಾಗಿ ಒಂದೇ ಬಗೆಯ ಪತ್ರಗಳನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪೇಂಟಿಂಗ್, ಹೆಂಚು, ಗೆದ್ದಲಿನ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಅಕ್ಕಾ, ನಮ್ಮದು ಅತ್ತೆ-ಮಾವನ ಕಾಲದ ಹೆಂಚಿನ ಮನೆ. ಒಳಗಿನ ಬಚ್ಚಲು 4 ಅಡಿ ಅಗಲ, ಆರೂವರೆ ಅಡಿ ಉದ್ದ. ಇಟ್ಟಿಗೆ ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಮೂರಡಿವರೆಗೆ ಹಸಿರು ಆಯಿಲ್ ಪೇಂಟ್. ಇಷ್ಟು ವರ್ಷ ಚೊಂಬಿನಲ್ಲೇ ಮಿಂದಿದ್ದೇವೆ, ಗೋಡೆ ಒಂದು ದಿನವೂ ತಕರಾರು ಮಾಡಿಲ್ಲ. ಈಗ ಬೆಂಗಳೂರಿನಲ್ಲಿರುವ ಮಗನಿಗೆ ಶವರ್ ಬೇಕಂತೆ. ಮೇಸ್ತ್ರಿ ಬಂದು ನೋಡಿ, 'ಪೇಂಟ್ ಮೇಲೆ ಅಲ್ಲಲ್ಲಿ ಕೊಚ್ಚಿ ಟೈಲ್ಸ್ ಅಂಟಿಸಿಬಿಡ್ತೇನೆ, ಎರಡು ದಿನದ ಕೆಲಸ' ಎಂದರು. ಉದ್ದದ ಗೋಡೆಯ ಆ ಕಡೆ ನಮ್ಮ ಮಲಗುವ ಕೋಣೆ, ಅಲ್ಲೇ ಬಟ್ಟೆಯ ಬೀರು. ಒಪ್ಪಬಹುದಾ?
— ಗೃಹಿಣಿ, ನಾಪೋಕ್ಲು

ಉತ್ತರ: ಒಪ್ಪಬೇಡಿ. ಮೇಸ್ತ್ರಿ ಕೆಟ್ಟವರೆಂದಲ್ಲ; ಅವರು ಟೈಲ್ಸ್ ಹಾಕುವ ಕೆಲಸಕ್ಕೆ ದಿನ ಲೆಕ್ಕ ಹಾಕಿದ್ದಾರೆ, ನೀವು ಕೇಳಬೇಕಾದದ್ದು ಗೋಡೆಯ ಕೆಲಸ.

ನಿಮ್ಮ ಗೋಡೆ ಇಷ್ಟು ವರ್ಷ ತಕರಾರು ಮಾಡದಿರಲು ಕಾರಣ ಗೋಡೆಯ ಗಟ್ಟಿತನವಲ್ಲ, ಚೊಂಬು. ಚೊಂಬಿನಲ್ಲಿ ಮೀಯುವಾಗ ನೀರು ಮೈಮೇಲಿಂದ ನೇರ ನೆಲಕ್ಕೆ ಬೀಳುತ್ತದೆ, ಗೋಡೆಗೆ ಮಂಡಿಯೆತ್ತರದವರೆಗೆ ಒಂದಿಷ್ಟು ಹನಿ ಹಾರುತ್ತದೆ. ಅದೂ ಒಬ್ಬರಿಗೆ ಒಂದೆರಡು ಬಕೆಟ್. ಶವರ್ ಏಳಡಿ ಎತ್ತರದಿಂದ ಸುರಿಯುತ್ತದೆ. 4 ಅಡಿಯ ಕೋಣೆಯಲ್ಲಿ ನಡುವೆ ನಿಂತರೂ ಎರಡೂ ಪಕ್ಕದ ಗೋಡೆ ಕೈಗೆಟಕುವಷ್ಟು ಹತ್ತಿರ. ತಲೆ, ಭುಜದಿಂದ ಸಿಡಿದ ನೀರೆಲ್ಲ ಗೋಡೆಗೇ. ದೊಡ್ಡ ಕೋಣೆಯಲ್ಲಿ ನೆನೆಯದ ಎತ್ತರವೆಲ್ಲ ಚಿಕ್ಕ ಕೋಣೆಯಲ್ಲಿ ದಿನಾ ನೆನೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಗ್ಗಕ್ಕೆ ಹಾಕಿದ ಟವೆಲೇ ಒಣಗುವುದಿಲ್ಲ, ಇನ್ನು ಗೋಡೆ ಎಲ್ಲಿಂದ ಒಣಗಬೇಕು?

'ಟೈಲ್ಸ್ ಇದೆಯಲ್ಲ' ಎನ್ನುತ್ತಾರೆ. ಟೈಲ್ಸ್ ನೀರು ಬಿಡುವುದಿಲ್ಲ, ನಿಜ. ಆದರೆ ಟೈಲ್ಸ್‌ಗಳ ನಡುವಿನ ಸಂದಿ ಬಿಡುತ್ತದೆ. ಅಲ್ಲಿ ತುಂಬುವ ಸಿಮೆಂಟ್ ಗ್ರೌಟ್ ನೀರು ಹೀರುವ ವಸ್ತು. ಸಂದಿಯಿಂದ ಹಿಂದೆ ಹೋದ ನೀರಿಗೆ ಮರಳಿ ಬರುವ ದಾರಿಯಿಲ್ಲ, ಮುಂದೆ ಹೋಗುವ ದಾರಿ ನಿಮ್ಮ ಬೀರುವಿನ ಕಡೆಗಿದೆ. ನೀರನ್ನು ತಡೆಯಬೇಕಾದದ್ದು ಟೈಲ್ಸ್‌ನ ಹಿಂದಿನ ಪದರ. ಟೈಲ್ಸ್ ಆ ಪದರವನ್ನು ಕಾಯುವ ಹೊದಿಕೆ, ಒರೆಸಲು ಅನುಕೂಲ, ನೋಡಲು ಚೆಂದ, ಅಷ್ಟೇ.

ಮೊದಲು ಗೋಡೆಯನ್ನು ಪರೀಕ್ಷಿಸಿ, ಖರ್ಚಿಲ್ಲದ ಕೆಲಸ. ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚಿನಲ್ಲಿ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಆ ದಿನ ಆ ಬಚ್ಚಲು ಬಳಸಬೇಡಿ. ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಪಸೆ ಗೋಡೆಯೊಳಗೇ ಇದೆ. ಹೊರಮೈಯಲ್ಲಿ ಮಾತ್ರ ಕಂಡರೆ ಅದು ಕೋಣೆಯ ಗಾಳಿಯ ತೇವ. ಪಸೆ ಒಳಗಿನದ್ದಾದರೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು: ಪಡುವಣ ಗೋಡೆಗೆ ಮಳೆ ಬಡಿಯುತ್ತಿರಬಹುದು, ಹೆಂಚಿನ ನೀರು ಮಾಡಿನಂಚಿನ ದೋಣಿ ತಪ್ಪಿ ಗೋಡೆಯ ಬುಡಕ್ಕೆ ಬೀಳುತ್ತಿರಬಹುದು, ಹಳೆ ಪೈಪು ಸೋರುತ್ತಿರಬಹುದು. ಹೊರಗಿನ ನೀರನ್ನು ನಿಲ್ಲಿಸದೆ ಒಳಗೆ ಎಷ್ಟೇ ದುಬಾರಿ ವಾಟರ್‌ಪ್ರೂಫಿಂಗ್ ಬಳಿದರೂ ಅದು ಹಿಂದಿನಿಂದ ಗುಳ್ಳೆಯೆದ್ದು ಬಿಟ್ಟುಕೊಳ್ಳುತ್ತದೆ.

ಆಮೇಲೆ ಒಂದು ಮೊಳೆ ತೆಗೆದುಕೊಂಡು, ಗಿಲಾವು ಬಿದ್ದ ಮೂಲೆಯೊಂದರಲ್ಲಿ ಇಟ್ಟಿಗೆಗಳ ಸಂದಿ ಕೆರೆದು ನೋಡಿ. ಬೂದುಬಣ್ಣದ ಪುಡಿ ಬಂದರೆ ಸಿಮೆಂಟು, ಬಿಳಿ ಬಂದರೆ ಸುಣ್ಣದ ಗಾರೆ, ಕೆಂಪು ಮಣ್ಣು ಉದುರಿದರೆ ಮಣ್ಣಿನ ಕಟ್ಟೋಣ. ಮಣ್ಣಾದರೆ ಕೆಳಗಿನ ಮಡಿಕೇರಿಯವರ ಪ್ರಶ್ನೆಗೆ ಹೋಗಿ. ಸಿಮೆಂಟು ಎಂದುಕೊಂಡು ಮುಂದುವರಿಯುತ್ತೇನೆ.

ಹಸಿರು ಪೇಂಟ್ ಮೇಲೆ ಯಾವುದೂ ಹಿಡಿಯುವುದಿಲ್ಲ. ಅಲ್ಲಲ್ಲಿ ಕೊಚ್ಚಿದರೆ ಕೊಚ್ಚಿದಲ್ಲಿ ಮಾತ್ರ ಹಿಡಿತ. ಶವರ್ ಕಡೆಯ ಮೂರೂ ಗೋಡೆಯಲ್ಲಿ ಏಳಡಿವರೆಗೆ ಹಳೆ ಗಿಲಾವು ಪೂರ್ತಿ ಇಟ್ಟಿಗೆ ಕಾಣುವಂತೆ ತೆಗೆಸಿ. ಇಟ್ಟಿಗೆಯ ಸಂದಿಗಳನ್ನು ಅರ್ಧ ಇಂಚಿನಷ್ಟು ಕೆರೆದು, ತಂತಿ ಬ್ರಷ್ ಹಾಕಿ, ನೀರು ಹೊಡೆದು ತೊಳೆಸಿ. ಧೂಳು ಉಳಿದ ಗೋಡೆಗೆ ಹಾಕಿದ ಗಾರೆ ಧೂಳಿಗೆ ಅಂಟುತ್ತದೆ, ಗೋಡೆಗಲ್ಲ.

ಈಗ ಪೈಪು. ಶವರ್ ಯಾವ ಗೋಡೆಗೆ ಎಂದು ನೀವು ಬರೆದಿಲ್ಲ. ಬೀರು ಇರುವ ಗೋಡೆಗಂತೂ ಬೇಡ. 4 ಅಡಿಯ ಗಿಡ್ಡ ಗೋಡೆ ಹೊರಗೋಡೆಯಾಗಿದ್ದರೆ ಅದೇ ಸರಿ. ನಾಳೆ ಏನಾದರೂ ಸೋರಿದರೆ ಅದು ಅಂಗಳದಲ್ಲಿ ಕಾಣುತ್ತದೆ, ಸೀರೆಯ ಮೇಲಲ್ಲ. ಪೈಪು ಹೂಳಲು ಕಟ್ಟರ್ ಹಿಡಿದವರನ್ನು ಕಣ್ಣಿಟ್ಟು ನೋಡಿ. ನೆಟ್ಟಗಿನ ಗಾಡಿ (ಪೈಪಿಗಾಗಿ ಗೋಡೆಯಲ್ಲಿ ಕೊರೆಯುವ ಸಾಲು) ಆದರೆ ಗೋಡೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ, ಅಡ್ಡ ಗಾಡಿಯಾದರೆ ಆರನೇ ಒಂದು ಭಾಗಕ್ಕಿಂತ ಆಳ ಹೋಗಬಾರದು. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಅಡ್ಡಕ್ಕೆ ಸಿಗುವುದು ಬರೀ ಮುಕ್ಕಾಲು ಇಂಚು, ಪೈಪೇ ಮುಳುಗುವುದಿಲ್ಲ. ಅಂಥ ಗೋಡೆಯಲ್ಲಿ ಬಿಸಿ-ತಣ್ಣೀರು ಬೆರೆಸಿ ಶವರ್‌ಗೋ ನಲ್ಲಿಗೋ ತಿರುಗಿಸುವ, ಒಳಗೆ ಹೂಳುವ ಡೈವರ್ಟರ್‌ನ ಆಸೆ ಬಿಟ್ಟು, ಗೋಡೆಯ ಮೇಲೆ ಕೂರುವ ವಾಲ್ ಮಿಕ್ಸರ್ ಹಾಕಿಸಿ. ನನಗೆ ಕೇಳಿದರೆ ಒಂಬತ್ತಿಂಚಿನ ಗೋಡೆಗೂ ಅದೇ ಮೇಲು. ವಾಷರ್ ಹೋದರೆ ಪೇಟೆಯ ಯಾವ ಪ್ಲಂಬರ್ ಬೇಕಾದರೂ ಟೈಲ್ಸ್ ಒಡೆಯದೆ ಬಿಚ್ಚುತ್ತಾನೆ.

ಡೈವರ್ಟರೇ ಬೇಕೆಂದು ಮಗ ಹಟ ಹಿಡಿದರೆ, ಅದರ ಮುಖದ ಮೇಲೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ ಕನಿಷ್ಠ, ಗರಿಷ್ಠ ಎಂದು ಗುರುತು ಇರುತ್ತದೆ. ಗಿಲಾವು, ಅಂಟು, ಟೈಲ್ಸ್ ಎಲ್ಲ ಸೇರಿ ಆದ ಮೇಲಿನ ಮೈ ಆ ಎರಡು ಗುರುತಿನ ನಡುವೆ ಬರಬೇಕು. ಟೈಲ್ಸ್ ಯಾವುದೆಂದು ತೀರ್ಮಾನವಾಗುವ ಮೊದಲೇ ಅದನ್ನು ಗೋಡೆಗೆ ಹೂತವರು ಕೊನೆಗೆ ಹಿಡಿಕೆ ಕೂರದೆ ಒದ್ದಾಡುತ್ತಾರೆ. ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪೈಪು, ಬಿಳಿ ಪಿವಿಸಿ ಅಲ್ಲ. ಗಾಡಿ ಮುಚ್ಚುವ ಮೊದಲು ಪಂಪು ಹಚ್ಚಿ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿಸಿ. ಬೆಳಿಗ್ಗೆ ಪಂಪಿನ ಮೀಟರಿನ ಮುಳ್ಳು ಇಳಿದಿದ್ದರೆ ಎಲ್ಲೋ ಜಾಯಿಂಟ್ ಬಿಟ್ಟಿದೆ. ಮುಚ್ಚುವ ಮೊದಲು ಅಳತೆಪಟ್ಟಿ ಹಿಡಿದು ಮೊಬೈಲಿನಲ್ಲಿ ಪೈಪಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟವೆಲ್ ಕಂಬಿಗೆ ಡ್ರಿಲ್ ಮಾಡುವಾಗ ಬೇಕಾಗುತ್ತದೆ.

ಗಿಲಾವು ಸಿಮೆಂಟ್ ಒಂದಕ್ಕೆ ಮರಳು ನಾಲ್ಕು. ಎಂ-ಸ್ಯಾಂಡ್ ಆದರೆ ಗಿಲಾವಿಗೆಂದೇ ಬರುವ ನುಣ್ಣನೆಯದು ತರಿಸಿ, ಕಾಂಕ್ರೀಟಿನದ್ದಲ್ಲ. ಗೋಡೆ ನೆನೆಸಿ, ದಪ್ಪ ಅರ್ಧ ಇಂಚಿನ ಆಸುಪಾಸು ಇರಲಿ. ಮುಕ್ಕಾಲು ಇಂಚು ದಾಟುವುದಾದರೆ ಎರಡು ಸಲವಾಗಿ ಹಾಕಿಸಿ. ತೂಗುಗುಂಡು, ಮೂಲೆಮಟ್ಟ ಎರಡೂ ಕೆಲಸಕ್ಕೆ ಬಂದಿರಲಿ. ಹಳೆ ಮನೆಗಳಲ್ಲಿ ಮೂಲೆ ಸರಿಯಿರುವುದು ಅಪರೂಪ, ಚಿಕ್ಕ ಕೋಣೆಯಲ್ಲಿ ಆ ವಾಲು ಟೈಲ್ಸ್‌ನ ಕೊನೆಯ ಸಾಲಿನಲ್ಲಿ ಎದ್ದು ಕಾಣುತ್ತದೆ. ಮೈ ಒರಟಾಗೇ ಇರಲಿ, ನೀರು-ಸಿಮೆಂಟ್ ಹಾಕಿ ನುಣುಪು ಮಾಡುವುದು ಬೇಡ. ಏಳು ದಿನ ನೀರುಣಿಸಿ. ಮಳೆ ಬರುತ್ತಿದೆ, ಗೋಡೆ ತಾನೇ ನೆನೆಯುತ್ತದೆ ಎಂದು ಒಳಗೋಡೆಗೆ ನೀರು ಹೊಡೆಯದೆ ಬಿಡುವವರನ್ನು ನಮ್ಮೂರಲ್ಲಿ ಮಾತ್ರ ನೋಡಿದ್ದೇನೆ.

ವಾಟರ್‌ಪ್ರೂಫಿಂಗ್ ಎಂದರೆ ಬಕೆಟ್ಟಿನಲ್ಲಿ ಬರುವ ದ್ರವ, ಜೊತೆಗೆ ಚೀಲದಲ್ಲಿ ಬರುವ ಪುಡಿ, ಎರಡೂ ಕಲಸಿ ಬ್ರಷ್ಷಿನಲ್ಲಿ ಬಳಿಯುವ ಪಾಲಿಮರ್ ಸಿಮೆಂಟಿನದ್ದು. ಗಾರೆಗೆ ಬಾಟಲಿಯಿಂದ ಎರಡು ಮುಚ್ಚಳ ಸುರಿದು 'ವಾಟರ್‌ಪ್ರೂಫ್ ಆಯ್ತು' ಎನ್ನುವುದು ಬೇರೆ. ಅದು ಗಾರೆಗೆ ಒಳ್ಳೆಯದು, ಪದರ ಆಗುವುದಿಲ್ಲ. ಬಳಿಯುವ ಮೊದಲು ಗೋಡೆ ನೆಲ ಸೇರುವ ಕಡೆ ಗಾರೆಯಿಂದ ಇಂಚು-ಒಂದೂವರೆ ಇಂಚಿನ ಇಳಿಜಾರು ಕಟ್ಟಿಸಿ, ಅಂದರೆ ಮೂಲೆ ಚೂಪಾಗಿರಬಾರದು. ಬಿರುಕು ಬಿಡುವುದು ಮೊದಲು ಅಲ್ಲೇ. ಆ ಮೂಲೆಗಳಿಗೆ, ಗೋಡೆ-ಗೋಡೆ ಸೇರುವ ಜಾಗಕ್ಕೆ, ನಹನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಬಾಯಿ) ಸುತ್ತ, ಪೈಪು ಹೊರಬರುವ ತೂತಿನ ಸುತ್ತ ಮೊದಲ ಕೋಟ್ ಹಸಿಯಿರುವಾಗಲೇ ಫೈಬರ್ ಬಲೆಯ ಪಟ್ಟಿ ಒತ್ತಿಸಿ. ಎರಡನೇ ಕೋಟ್ ಮೊದಲಿನದ್ದಕ್ಕೆ ಅಡ್ಡವಾಗಿ: ಮೊದಲು ಮೇಲೆ-ಕೆಳಗೆ ಬಳಿದಿದ್ದರೆ ಈಗ ಎಡ-ಬಲ. ಎರಡರ ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಚೀಲದ ಮೇಲೆಯೇ ಬರೆದಿರುತ್ತದೆ. ಕೆಲಸದವರು ಓದದಿದ್ದರೆ ನೀವು ಓದಿ ಹೇಳಿ.

ಎಷ್ಟು ಎತ್ತರ? ಬೇರೆ ಕಡೆ ಒಂದಡಿ ಸಾಕು ಎನ್ನುತ್ತಾರೆ. ನಿಮ್ಮ ಅಳತೆಯ ಕೋಣೆಯಲ್ಲಿ ಒಣ ಭಾಗ ಎಂಬುದೇ ಇಲ್ಲ. ಶವರ್ ಕಡೆಯ ಮೂರು ಗೋಡೆಗೆ ಏಳಡಿ, ಬಾಗಿಲ ಕಡೆ ಮೂರಡಿ, ನೆಲ ಪೂರ್ತಿ. ಎಲ್ಲ ಸೇರಿದರೂ ದೊಡ್ಡ ಜಾಗವಲ್ಲ, ಉಳಿಸಲು ಹೋಗಬೇಡಿ.

ಅದು ಒಣಗಿದ ಮೇಲೆ ನಹನಿ ಟ್ರ್ಯಾಪಿನ ಬಾಯಿ ಮುಚ್ಚಿ, ಬಾಗಿಲಿಗೆ ಅಡ್ಡಲಾಗಿ ಸಣ್ಣ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಗೋಡೆಗೆ ಪೆನ್ಸಿಲ್ ಗೀಟು ಹಾಕಿಟ್ಟಿರಿ. ನೀರಿನ ಮಟ್ಟ ಗೊತ್ತಾಗುವಷ್ಟು ಇಳಿದರೆ ಅಥವಾ ಬೀರುವಿನ ಹಿಂದೆ ಬುಡದಲ್ಲಿ ಕಪ್ಪಾದರೆ ಸೋರಿಕೆ ಇದೆ. ಟೈಲ್ಸ್ ಹಾಕುವ ಮೊದಲು ಗೊತ್ತಾದರೆ ಒಂದು ಬ್ರಷ್ಷಿನ ಕೆಲಸ, ಆಮೇಲೆ ಗೊತ್ತಾದರೆ ಸುತ್ತಿಗೆಯ ಕೆಲಸ.

ಟೈಲ್ಸ್ ಅಂಟಿಸುವಾಗ ಒಂದೇ ವಿಷಯ ಕಾಯಿರಿ. ನಮ್ಮಲ್ಲಿ ಬಹಳ ಮಂದಿ ಟೈಲ್ಸ್‌ನ ಬೆನ್ನಿಗೆ ನಾಲ್ಕು ಮೂಲೆ, ನಡುವೊಂದು ಎಂದು ಐದು ಗಾರೆ ಉಂಡೆ ಇಟ್ಟು ಗೋಡೆಗೆ ಒತ್ತುತ್ತಾರೆ. ಉಂಡೆಗಳ ನಡುವೆ ಟೊಳ್ಳು, ಆ ಟೊಳ್ಳಿನಲ್ಲಿ ನೀರು. ತಟ್ಟಿದರೆ ಡೊಳ್ಳಿನ ಸದ್ದು. ಟೈಲ್ ಅಡ್ಹೆಸಿವ್ ತರಿಸಿ, ಹಲ್ಲಿರುವ ಕರಣೆಯಿಂದ ಗೋಡೆಗೆ ಒಂದೇ ದಿಕ್ಕಿಗೆ ಬಾಚಿಸಿ, ಟೈಲ್ಸ್‌ನ ಬೆನ್ನಿಗೂ ತೆಳುವಾಗಿ ಸವರಿಸಿ. ಆರಂಭದಲ್ಲಿ ಒಂದು ಟೈಲ್ ಅಂಟಿಸಿದ ಕೂಡಲೇ ಕಿತ್ತು ನೋಡಿ, ಬೆನ್ನೆಲ್ಲ ಅಂಟು ಮೆತ್ತಿರಬೇಕು. ಅಡ್ಹೆಸಿವ್‌ಗೆ ಐಎಸ್ 15477 ಎಂಬ ಭಾರತೀಯ ಮಾನಕ ಉಂಟು, ಚೀಲದ ಮೇಲೆ ಆ ಸಂಖ್ಯೆ ಮತ್ತು ಟೈಪ್ ನೋಡಿ. ವಿಟ್ರಿಫೈಡ್ ಟೈಲ್ಸ್ ಹೆಚ್ಚುಕಡಿಮೆ ನೀರನ್ನೇ ಹೀರುವುದಿಲ್ಲ, ಆದ್ದರಿಂದ ಬರೀ ಸಿಮೆಂಟ್ ಹಾಲಿಗೆ ಅಂಟುವುದೂ ಇಲ್ಲ. ಅದಕ್ಕೆ ಟೈಪ್ 2 ಅಥವಾ ಅದರ ಮೇಲಿನದು ಬೇಕು. ಗೋಡೆಗೆ ಸಾಮಾನ್ಯ ಸೆರಾಮಿಕ್ ಟೈಲ್ಸ್ ಧಾರಾಳ ಸಾಕು, ಹಗುರವೂ ಹೌದು. ಸಂದಿ 2 ಮಿಲಿಮೀಟರ್ ಬಿಡಿಸಿ. ಶವರ್ ಭಾಗಕ್ಕೆ ನೀರು ಹೀರದ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಹಾಕಿಸಿ. ಗೋಡೆ-ಗೋಡೆ ಕೂಡುವ ಮೂಲೆಗೆ ಮಾತ್ರ ಗ್ರೌಟ್ ಬೇಡ, ಸಿಲಿಕಾನ್. ಗೋಡೆಗಳು ಸ್ವಲ್ಪ ಅಲುಗುತ್ತವೆ, ಗ್ರೌಟ್ ಬಿರಿಯುತ್ತದೆ, ಸಿಲಿಕಾನ್ ಹಿಗ್ಗುತ್ತದೆ.

ನೆಲದ ಇಳಿಜಾರು ಐದಡಿಗೆ ಒಂದಿಂಚು, ಬಾಗಿಲಿನಿಂದ ಶವರ್ ಕಡೆಗೆ. ಸೋಪು ಇಡಲು ಗೋಡೆಯಲ್ಲಿ ಗೂಡು ಮಾಡಿಸುವುದಾದರೆ ಅದರೊಳಗೂ ವಾಟರ್‌ಪ್ರೂಫಿಂಗ್ ಬಳಿಯಬೇಕು, ತಳ ಹೊರಗೆ ಇಳಿಜಾರಿರಬೇಕು. ನಾಲ್ಕೂವರೆ ಇಂಚಿನ ಗೋಡೆಗೆ ಗೂಡು ಬೇಡವೇ ಬೇಡ.

ಎಲ್ಲ ಸೇರಿ ಮೂರು ವಾರ ಹಿಡಿಯುತ್ತದೆ, ಅದರಲ್ಲಿ ಮುಕ್ಕಾಲು ಕಾಯುವುದೇ. ಅಷ್ಟು ದಿನ ಎಲ್ಲಿ ಮೀಯುವುದು ಎಂದು ಮೊದಲೇ ಯೋಚಿಸಿ. ಹಿತ್ತಿಲ ಹಂಡೆಯ ಒಲೆ ಕೆಡವಿಲ್ಲ ತಾನೇ?

ಪ್ರಶ್ನೆ: ನಮ್ಮದು ಮಣ್ಣಿನ ಗೋಡೆಯ ಮನೆ, ಒಂದೂಕಾಲು ಅಡಿ ದಪ್ಪ. ಬಚ್ಚಲಿನ ಕಡೆ ಯಾರೋ ಸಿಮೆಂಟ್ ಗಿಲಾವು ಮಾಡಿಸಿದ್ದಾರೆ, ಅದು ಹಾಳೆಯಂತೆ ಎದ್ದು ಬರುತ್ತಿದೆ. ಇದಕ್ಕೆ ಟೈಲ್ಸ್, ಶವರ್ ಸಾಧ್ಯವೇ?
— ನಿವೃತ್ತ ಶಿಕ್ಷಕರು, ಮಡಿಕೇರಿ

ಉತ್ತರ: ಸರ್, ಆ ಗೋಡೆಗೆ ನೇರವಾಗಿ ಏನನ್ನೂ ಅಂಟಿಸಬೇಡಿ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಪಸೆ ಎಳೆದುಕೊಂಡು ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದನ್ನು ಬಿಡಲು ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ತಡೆದ ಪಸೆ ಸಿಮೆಂಟಿನ ಹಿಂದೆ ಮಣ್ಣನ್ನು ಮೆತ್ತಗೆ ಮಾಡುತ್ತದೆ, ನಿಮ್ಮ ಗಿಲಾವು ಏಳುತ್ತಿರುವುದು ಅದಕ್ಕೇ. ಅದರ ಮೇಲೆ ಟೈಲ್ಸ್ ಹಾಕಿದರೆ ಗೋಡೆ ಒಳಗೊಳಗೇ ಕರಗುವುದು ನಿಮಗೆ ಕಾಣುವುದೂ ಇಲ್ಲ. ಹೆಂಚಿನ ಮಾಡಿನ ಭಾರ ಅದೇ ಗೋಡೆಯ ಮೇಲಿರುತ್ತದೆ ಎಂಬುದನ್ನು ಮರೆಯಬಾರದು.

ದಾರಿ ಎರಡು. ನನಗೆ ಇಷ್ಟವಾದದ್ದು ಮೊದಲನೆಯದು: ಬಚ್ಚಲನ್ನು ಮಣ್ಣಿನ ಗೋಡೆಯಿಂದ ಹೊರಗೆ ತಂದು, ಹಿಂಬದಿಗೆ ಕಾಂಕ್ರೀಟ್ ಬ್ಲಾಕಿನಲ್ಲಿ ಪುಟ್ಟ ಕೋಣೆ ಕಟ್ಟಿಸಿ, ಅದಕ್ಕೆ ತನ್ನದೇ ಅಡಿಪಾಯ, ತನ್ನದೇ ನಾಲ್ಕು ಗೋಡೆ. ಒಂದೇ ಗೋಡೆ ಉಳಿಸುವ ಆಸೆಗೆ ಹಳೆ ಮನೆಯ ಗೋಡೆಯನ್ನೇ ನಾಲ್ಕನೆಯದಾಗಿ ಬಳಸಬೇಡಿ. ಎರಡನೆಯದು ಇದ್ದ ಕೋಣೆಯಲ್ಲೇ ಮಾಡುವುದು: ಎದ್ದ ಸಿಮೆಂಟ್ ತೆಗೆದು ಮಣ್ಣನ್ನು ಒಂದು ಬೇಸಿಗೆ ಒಣಗಲು ಬಿಟ್ಟು, ಅದರ ಮುಂದೆ ಇಂಚು-ಎರಡಿಂಚು ಸಂದಿ ಬಿಟ್ಟು 4 ಇಂಚಿನ ಬ್ಲಾಕ್ ಗೋಡೆ ಏಳಿಸುವುದು. ಅದು ನೆಲದಡಿ ತನ್ನದೇ ಕಾಂಕ್ರೀಟ್ ಪಟ್ಟಿಯ ಮೇಲೆ ನಿಲ್ಲಬೇಕು. ಸಂದಿಗೆ ಮೇಲುಗಡೆ ಗಾಳಿಕಿಂಡಿ ಇರಲಿ, ಅದನ್ನು ಗಾರೆಯಿಂದ ತುಂಬಬಾರದು. ಶವರ್, ಪೈಪು, ಟೈಲ್ಸ್ ಎಲ್ಲ ಹೊಸ ಗೋಡೆಗೆ, ಹಳೆಯದಕ್ಕೆ ಒಂದು ಮೊಳೆಯೂ ಬೇಡ. ಕೋಣೆ ಅರ್ಧ ಅಡಿಗಿಂತ ಹೆಚ್ಚು ಕಿರಿದಾಗುತ್ತದೆ. ಎರಡು ಬದಿಗೂ ಕಟ್ಟಿದ ಮೇಲೆ ಮೂರಡಿ ಅಗಲ ಉಳಿಯದಿದ್ದರೆ ಅಲ್ಲಿ ಶವರ್ ಬೇಡ. ಬಕೆಟ್ ಸ್ನಾನದಲ್ಲಿ ಅವಮಾನವೇನೂ ಇಲ್ಲ.

ಪ್ರಶ್ನೆ: ನಮ್ಮ ಹೋಂಸ್ಟೇಯ ಎರಡು ಚಿಕ್ಕ ಬಾತ್‌ರೂಮ್‌ಗಳಿಗೆ ಶವರ್ ಕೂರಿಸಬೇಕು. ಬೇಸಿಗೆಯಲ್ಲಿ ಗೆಸ್ಟ್ ತುಂಬಿರುತ್ತಾರೆ. ಜೂನ್-ಜುಲೈಯಲ್ಲಿ ಖಾಲಿ, ಕೆಲಸದವರೂ ಸಿಗುತ್ತಾರೆ. ಆಗ ಮಾಡಿಸಿದರೆ ಏನಾಗುತ್ತದೆ?
— ಭಾಗಮಂಡಲ ಸಮೀಪದಿಂದ

ಉತ್ತರ: ಕೆಲಸದವರು ಏಕೆ ಸಿಗುತ್ತಾರೆಂದರೆ ಆಗ ಬೇರೆ ಯಾರೂ ಗಾರೆ ಕೆಲಸ ಮಾಡಿಸುವುದಿಲ್ಲ. ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ನಿಮ್ಮ ಕಡೆ ಅದಕ್ಕಿಂತ ಬಹಳ ಹೆಚ್ಚು, ಅದರ ಸಿಂಹಪಾಲು ಆ ಎರಡು-ಮೂರು ತಿಂಗಳಲ್ಲೇ. ಗಿಲಾವಿಗೆ ತೇವದಿಂದ ತೊಂದರೆಯಿಲ್ಲ, ಸಿಮೆಂಟಿಗೆ ನೀರು ಬೇಕೇ ಬೇಕು. ತೊಂದರೆ ವಾಟರ್‌ಪ್ರೂಫಿಂಗ್ ಪದರದ್ದು. ಅದರೊಳಗಿನ ನೀರು ಆವಿಯಾಗಿ ಹೋದರೆ ಮಾತ್ರ ಪಾಲಿಮರ್ ಪೊರೆ ಕಟ್ಟುತ್ತದೆ; ಗಾಳಿಯೇ ನೀರಿನಿಂದ ತುಂಬಿರುವಾಗ ಆವಿಯಾಗಿ ಹೋಗುವುದು ಎಲ್ಲಿಗೆ? ಮುಟ್ಟಿದರೆ ಒಣಗಿದಂತಿರುತ್ತದೆ, ಉಗುರಿನಿಂದ ಗೀರಿದರೆ ಬೆಣ್ಣೆಯಂತೆ ಎದ್ದು ಬರುತ್ತದೆ. ಅದರ ಮೇಲೆ ಟೈಲ್ಸ್ ಹಾಕಿದವರು ಮುಂದಿನ ವರ್ಷ ನನಗೆ ಪತ್ರ ಬರೆಯುತ್ತಾರೆ.

ಕಾಫಿ ಕೊಯ್ಲು ಮುಗಿಯುವ ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯದು. ಮಕ್ಕಳ ಪರೀಕ್ಷೆಯ ಕಾಲವಾದ್ದರಿಂದ ಗೆಸ್ಟ್ ಕಡಿಮೆ. ಕಾಫಿ ಹೂವರಳಿಸುವ ಹೂಮಳೆ ಬಂದರೂ ಒಂದೆರಡು ದಿನದ್ದು. ಒಮ್ಮೆಗೆ ಒಂದೇ ಬಾತ್‌ರೂಮ್ ಮುಚ್ಚಿ. ಜುಲೈಯಲ್ಲೇ ಆಗಬೇಕೆಂದರೆ ಒಡೆಯುವುದು, ಪೈಪು, ಗಿಲಾವು ಅಷ್ಟನ್ನೇ ಮುಗಿಸಿ ನಿಲ್ಲಿಸಿ. ಬಳಿಯುವುದು ಮತ್ತು ಟೈಲ್ಸ್ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ. ಹ್ಯಾಲೋಜನ್ ದೀಪ ಹಚ್ಚಿ ಒಣಗಿಸುತ್ತೇನೆ ಎನ್ನುವವರಿದ್ದಾರೆ. ಅದು ಮೇಲ್ಮೈ ಮಾತ್ರ ಸುಟ್ಟು ಬಿರುಕು ತರುತ್ತದೆ.

ಪ್ರಶ್ನೆ: ಈಗಾಗಲೇ ನಾಲ್ಕಡಿವರೆಗೆ ಬಿಳಿ ಟೈಲ್ಸ್ ಇದೆ. ಅದನ್ನು ಕೀಳದೆ ಅದರ ಮೇಲೇ ಹೊಸ ಟೈಲ್ಸ್ ಹಾಕಿ ಶವರ್ ಕೂರಿಸಬಹುದು ಎಂದು ಅಂಗಡಿಯಲ್ಲಿ ಹೇಳಿದರು.
— ವಿರಾಜಪೇಟೆಯ ಓದುಗರು

ಉತ್ತರ: ಟೈಲ್ಸ್ ಮೇಲೆ ಟೈಲ್ಸ್ ಹಾಕುವ ಅಂಟು ನಿಜವಾಗಿಯೂ ಇದೆ, ಚೆನ್ನಾಗಿಯೂ ಹಿಡಿಯುತ್ತದೆ. ಅಡುಗೆಮನೆಗೆ ನಾನೇ ಹಾಕಿಸುತ್ತೇನೆ. ಶವರ್ ಗೋಡೆಗೆ ಬೇಡ ಎನ್ನುವುದು ಅಂಟಿನ ಅನುಮಾನದಿಂದಲ್ಲ. ಹಳೆ ಟೈಲ್ಸ್‌ನ ಹಿಂದೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ; ಆ ಕಾಲದಲ್ಲಿ ಗೋಡೆಗೆ ವಾಟರ್‌ಪ್ರೂಫಿಂಗ್ ಬಳಿಯುತ್ತಿದ್ದವರು ಕಡಿಮೆ. ನಾಲ್ಕಡಿಯ ಮೇಲಿನ ಗಿಲಾವಿಗೂ ಟೈಲ್ಸ್‌ಗೂ ಮಟ್ಟ ಬೇರೆ, ಆ ಮೆಟ್ಟಿಲನ್ನು ತುಂಬಿಸಬೇಕು. ಎರಡೂ ಬದಿ ಸೇರಿ ಇಂಚಿನಷ್ಟು ಜಾಗ ಹೋಗುತ್ತದೆ, ಹಳೆ ನಲ್ಲಿಗಳ ಕುತ್ತಿಗೆ ಒಳಗೆ ಹೂತುಹೋಗುತ್ತದೆ, ಬಾಗಿಲ ಚೌಕಟ್ಟಿಗಿಂತ ಗೋಡೆ ಮುಂದೆ ಬರುತ್ತದೆ. ಕಿತ್ತುಬಿಡಿ. ಚಿಕ್ಕ ಬಚ್ಚಲಿನ ಟೈಲ್ಸ್ ಕೀಳುವುದು ಒಂದು ದಿನದ ಗದ್ದಲ. ಆಮೇಲೆ ನಾಪೋಕ್ಲಿನವರಿಗೆ ಬರೆದದ್ದನ್ನೇ ಓದಿಕೊಳ್ಳಿ.

ಪ್ರಶ್ನೆ: ಅಂಗೈಯಗಲದ ದೊಡ್ಡ ರೇನ್ ಶವರ್ ತಂದೆವು, ನೀರು ಎಳೆಎಳೆಯಾಗಿ ಬೀಳುತ್ತದೆ. ಟ್ಯಾಂಕ್ 1000 ಲೀಟರಿನದ್ದು, ತಾರಸಿಯ ಮೇಲಿದೆ. ಜೊತೆಗೆ ಕರೆಂಟ್ ಆಗಾಗ ಹೋಗುವುದರಿಂದ ಗ್ಯಾಸ್ ಗೀಸರನ್ನು ಶವರ್ ಪಕ್ಕದ ಗೋಡೆಗೇ ಹಾಕಿಸುವ ಯೋಚನೆ. ಕೋಣೆ 4 ಅಡಿಗೆ 5 ಅಡಿ.
— ಕುಶಾಲನಗರ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅದು ಜೀವದ ವಿಷಯ. ಬೇಡ. ಗ್ಯಾಸ್ ಗೀಸರ್ ಉರಿಯಲು ಕೋಣೆಯ ಗಾಳಿಯನ್ನೇ ಬಳಸುತ್ತದೆ. ಅಷ್ಟು ಚಿಕ್ಕ ಕೋಣೆಯಲ್ಲಿ, ಚಳಿಯೆಂದು ಕಿಟಕಿ ಮುಚ್ಚಿಕೊಂಡಾಗ, ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಸ್ನಾನಕ್ಕೆ ಹೋದವರು ತಲೆ ಸುತ್ತಿ ಬೀಳುವವರೆಗೆ ಗೊತ್ತೇ ಆಗುವುದಿಲ್ಲ. ನಮ್ಮ ರಾಜ್ಯದಲ್ಲೇ ಹೀಗೆ ಜೀವ ಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಗೀಸರೂ ಸಿಲಿಂಡರೂ ಹೊರಗೋಡೆಗೆ, ಗಾಳಿಯಾಡುವ ಜಾಗದಲ್ಲಿ ಮಾಡಿನ ಕೆಳಗಿರಲಿ. ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ.

ಕರೆಂಟಿನ ಗೀಸರ್ ಹಾಕುವುದಾದರೆ 15 ಲೀಟರಿನದ್ದು ನೀರು ತುಂಬಿದಾಗ ಇಪ್ಪತ್ತೈದು ಕೆಜಿಯ ಆಸುಪಾಸು ತೂಗುತ್ತದೆ, ಗಟ್ಟಿ ಗೋಡೆಗೆ ಆಂಕರ್ ಬೋಲ್ಟ್ ಬೇಕು. ಸ್ವಿಚ್ ಬಾಗಿಲ ಹೊರಗೆ. ಸರಿಯಾದ ಅರ್ತಿಂಗ್, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಶವರ್ ಕೆಳಗೆ ಯಾರನ್ನೂ ನಿಲ್ಲಿಸಬೇಡಿ.

ಇನ್ನು ನೀರಿನ ಒತ್ತಡ. ಅದು ಟ್ಯಾಂಕಿನ ಗಾತ್ರದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತದೆ. 10 ಮೀಟರ್ ಎತ್ತರಕ್ಕೆ ಒಂದು ಬಾರ್ ಲೆಕ್ಕ. ತಾರಸಿಯ ಟ್ಯಾಂಕಿನ ತಳಕ್ಕೂ ಶವರ್‌ನ ಬಾಯಿಗೂ ನಡುವೆ ಇರುವುದು ಹೆಚ್ಚೆಂದರೆ ಒಂದೂವರೆ ಮೀಟರ್; ಅಂದರೆ ಒಂದು ಬಾರಿನ ಏಳನೇ ಒಂದು ಪಾಲು. ಅಷ್ಟರಲ್ಲಿ ಅಗಲದ ರೇನ್ ಶವರ್ ಸುರಿಯಲಾರದು. ತೋಟದ ಮನೆಯವರು ಟ್ಯಾಂಕನ್ನು ಮನೆಯ ಮೇಲಿನ ದಿಬ್ಬದಲ್ಲಿಟ್ಟು ಖರ್ಚಿಲ್ಲದೆ ಒಳ್ಳೆಯ ಒತ್ತಡ ಪಡೆಯುತ್ತಾರೆ. ಕುಶಾಲನಗರದ ಸಮತಟ್ಟಿನಲ್ಲಿ ನಿಮಗೆ ಆ ಭಾಗ್ಯವಿಲ್ಲ. ಚಿಕ್ಕ ಬಾಯಿಯ ಶವರ್ ಹಾಕಿ, ಟ್ಯಾಂಕಿನಿಂದ ಬರುವ ಪೈಪು ಮುಕ್ಕಾಲು ಇಂಚಿಗೆ ಇಳಿಯದೆ ಒಂದಿಂಚಿನದ್ದೇ ಇರಲಿ. ಆಗಲೂ ಸಾಲದಿದ್ದರೆ ಪ್ರೆಷರ್ ಪಂಪು. ಪಂಪು ಹಾಕಿದ ಮೇಲೆ ಹಳೆ ಜಾಯಿಂಟುಗಳ ಮೇಲೆ ಕಣ್ಣಿಡಿ.

ಪ್ರಶ್ನೆ: ಶವರ್ ಹಾಕಿಸಿ ಒಂದು ವರ್ಷ. ಟೈಲ್ಸ್ ಸಂದಿಯೆಲ್ಲ ಕಪ್ಪು. ಆಸಿಡ್ ಹಾಕಿ ಉಜ್ಜಿದರೆ ಹೋಗುತ್ತದೆ, ತಿಂಗಳಲ್ಲಿ ಮತ್ತೆ ಬರುತ್ತದೆ.
— ಸೋಮವಾರಪೇಟೆ

ಉತ್ತರ: ಆಸಿಡ್ ಸಿಮೆಂಟ್ ಗ್ರೌಟನ್ನೇ ತಿನ್ನುತ್ತದೆ. ನೀವು ಉಜ್ಜಿ ತೆಗೆದದ್ದು ಬೂಷ್ಟಿನ ಜೊತೆ ಗ್ರೌಟನ್ನೂ. ಸಂದಿ ಆಳವಾಗಿ, ಇನ್ನಷ್ಟು ನೀರು ನಿಂತು, ಇನ್ನಷ್ಟು ಬೂಷ್ಟು. ನಿಲ್ಲಿಸಿ. ನೀರು ಬೆರೆಸಿದ ಬ್ಲೀಚ್ ಸಾಕು. ಬ್ಲೀಚನ್ನೂ ಆಸಿಡನ್ನೂ ಮಾತ್ರ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಾತ್‌ರೂಮಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಹಾಕಿಸಿ, ಸ್ನಾನವಾದ ಮೇಲೂ ಇಪ್ಪತ್ತು ನಿಮಿಷ ಓಡಲಿ. ಫ್ಯಾನ್ ಗಾಳಿ ಎಳೆಯಬೇಕಾದರೆ ಬಾಗಿಲಿನ ಅಡಿ ಅರ್ಧ ಇಂಚು ಸಂದಿ ಬೇಕು, ಅದನ್ನು ಮುಚ್ಚಬೇಡಿ. ಮುಂದಿನ ಬೇಸಿಗೆಯಲ್ಲಿ ಹಳೆ ಗ್ರೌಟ್ ಕೆರೆದು ಎಪಾಕ್ಸಿ ತುಂಬಿಸಿ. ಕೆರೆಯುವಾಗ ಸಂದಿಯಿಂದ ನೀರು ಒಸರಿದರೆ ಅಥವಾ ಟೈಲ್ಸ್ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಗ್ರೌಟ್ ಕೆಲಸ ಅಲ್ಲಿಗೇ ನಿಲ್ಲಿಸಿ ಫೋಟೋ ಕಳಿಸಿ.

ಪ್ರಶ್ನೆ: ನಾಲ್ಕಡಿ ಅಗಲದ ಕೋಣೆಯಲ್ಲಿ ಕಮೋಡ್‌ಗೂ ಶವರ್‌ಗೂ ನಡುವೆ ಗಾಜಿನ ಪಾರ್ಟಿಷನ್ ಹಾಕಿಸಲೇ?
— ಗೋಣಿಕೊಪ್ಪಲು

ಉತ್ತರ: ಬಾಗಿಲಿರುವ ಗಾಜು ಬೇಡ, ತೆರೆಯಲು ಜಾಗವಿಲ್ಲ. ಎರಡಡಿ ಅಗಲದ ಬಾಗಿಲಿಲ್ಲದ ಗಾಜಿನ ಹಲಗೆ ಆಗಬಹುದು, ಟಫನ್ಡ್ ಗಾಜೇ ಆಗಿರಬೇಕು. ಅದನ್ನು ಹಿಡಿಯುವ ಕ್ಲಾಂಪಿಗೆ ಗೋಡೆಯಲ್ಲಿ ಕೊರೆಯುವ ಪ್ರತಿ ತೂತೂ ನೀವು ದುಡ್ಡು ಕೊಟ್ಟು ಬಳಿಸಿದ ವಾಟರ್‌ಪ್ರೂಫಿಂಗನ್ನು ತೂತು ಮಾಡುತ್ತದೆ; ತೂತಿನೊಳಗೆ ಸಿಲಿಕಾನ್ ತುಂಬಿಸಿ ಆಮೇಲೆ ಸ್ಕ್ರೂ ಹಾಕಿಸಿ. ಇಷ್ಟೆಲ್ಲ ಬೇಡವೆಂದರೆ ಒಂದು ಕಂಬಿ, ಒಂದು ಪ್ಲಾಸ್ಟಿಕ್ ಪರದೆ. ಹಾಳಾದರೆ ಸಂತೆಯಲ್ಲಿ ಇನ್ನೊಂದು ಸಿಗುತ್ತದೆ.